ಛತ್ರಿ ಕಟ್ಟುವ ಮೋನಮ್ಮನ ಮೊದಲ ಜಿಗಿತ

ಬೆಳಗಿನ ಐದೂವರೆ. ಭತ್ತ ಕೊಯ್ದ ಗದ್ದೆಗಳ ಮೇಲೆ ಇಬ್ಬನಿ ಇನ್ನೂ ಕುಳಿತೇ ಇದೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ, ಉಪಕಾಲುವೆಯ ಏರಿಯ ಆಚೆ ಇರುವ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಟ್ಯೂಬ್‌ಲೈಟು ಹತ್ತಿಕೊಳ್ಳುತ್ತದೆ. ಮೋನಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಕೈಯಲ್ಲಿನ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ಗೋಡೆಯ ಮೊಳೆಗೆ ಹಾಕುತ್ತಾರೆ. ಕಾಲುಂಗುರ ಕಳಚುವುದಿಲ್ಲ, ಅದರ ಮೇಲೆ ದಪ್ಪನೆಯ ಕಾಲುಚೀಲ ಎಳೆದುಕೊಳ್ಳುತ್ತಾರೆ. ಬಳೆಯ ಒಡಕು ಅಂಚಾಗಲಿ ಉಂಗುರದ ಚೂಪಾಗಲಿ ಆ ಬಟ್ಟೆಗೆ ತಾಗಬಾರದು.

ನೆಲಕ್ಕೆ ಹಾಸಿದ ಹಸಿರು ಕಾರ್ಪೆಟ್ಟಿನ ಮೇಲೆ ಮಂಡಿಯೂರಿ, ಈ ತುದಿಯಿಂದ ಆ ತುದಿಯವರೆಗೆ ಅಂಗೈ ಆಡಿಸುತ್ತಾರೆ. ಕಸಬರಿಗೆಗೆ ಸಿಗದ ಹುಲ್ಲುಕಡ್ಡಿ, ಜಾಲಿಮುಳ್ಳಿನ ತುಣುಕು ಅಂಗೈಗೆ ಸಿಗುತ್ತದೆ. ಇವತ್ತು ಎರಡು ಸಿಕ್ಕಿವೆ. ಅವನ್ನು ಹೊರಗೆ ಎಸೆದು ಬಂದು, ದೊಡ್ಡ ಚೀಲವೊಂದರಿಂದ ಕೆಂಪು ಹಳದಿ ಬಟ್ಟೆಯನ್ನು ಎಳೆದು ಹರವುತ್ತಾರೆ. ಎರಡು ಕೋಣೆಯ ಮನೆಯ ನೆಲ ಮುಚ್ಚುವಷ್ಟು ದೊಡ್ಡ ಬಟ್ಟೆ. ಪುಸ್ತಕದಲ್ಲಿ ಇದರ ಹೆಸರು ಪ್ಯಾರಾಚೂಟು, ಇಲ್ಲಿ ಎಲ್ಲರ ಬಾಯಲ್ಲಿ ಛತ್ರಿ.

ನವೆಂಬರಿನಿಂದ ಫೆಬ್ರುವರಿವರೆಗೆ ಈ ಬಯಲಿನಲ್ಲಿ ಸ್ಕೈಡೈವಿಂಗ್ ಶಿಬಿರ ನಡೆಯುತ್ತದೆ. ಎಲ್ಲೆಲ್ಲಿಂದಲೋ ಬಂದವರು ಸಣ್ಣ ವಿಮಾನದಲ್ಲಿ ಹತ್ತು ಸಾವಿರ ಅಡಿ ಮೇಲಕ್ಕೆ ಹೋಗುತ್ತಾರೆ. ತರಬೇತುದಾರನ ಎದೆಗೆ ಪಟ್ಟಿಗಳಿಂದ ಬಿಗಿಸಿಕೊಂಡು, ಇಬ್ಬರೂ ಒಂದೇ ಛತ್ರಿಯ ಭರವಸೆಯ ಮೇಲೆ ಕೆಳಕ್ಕೆ ಜಿಗಿಯುತ್ತಾರೆ. ಟ್ಯಾಂಡಮ್ ಜಿಗಿತ ಎಂದರೆ ಇದೇ. ಇಳಿದವರು ಫೋಟೊ ತೆಗೆಸಿಕೊಂಡು ಹೋದ ಮೇಲೆ, ಹೊಲದಲ್ಲಿ ಬಿದ್ದ ಛತ್ರಿಯನ್ನು ಹೊತ್ತು ತಂದು ಮುಂದಿನವರಿಗಾಗಿ ಮತ್ತೆ ಮಡಚಿ ಕಟ್ಟಬೇಕು. ನಲವತ್ಮೂರು ವರ್ಷದ ಮೋನಮ್ಮನ ಕೆಲಸ ಅದು. ಐದು ಹಂಗಾಮಿನಲ್ಲಿ ಅವರು ಕಟ್ಟಿದ ಛತ್ರಿಗಳು ಎರಡು ಸಾವಿರದ ನೂರಾ ಹದಿನೆಂಟು. ಒಮ್ಮೆಯೂ ಅವರು ವಿಮಾನ ಹತ್ತಿದ್ದಿಲ್ಲ.

ಇವತ್ತು ಕಟ್ಟುತ್ತಿರುವುದು ತಮಗಾಗಿ.

"ಬ್ಯಾರೇದವ್ರಿಗೆ ಕಟ್ಟೋವಾಗ ಅಂಜಿಕಿ ಭಾಳ ಇರ್ತಿತ್ರಿ. ಇವತ್ತ ಜರಾ ಕಮ್ಮಿ ಅದ. ಬಿದ್ರ ನಾನೇ ಬೀಳ್ತೀನಲ್ಲ," ಎನ್ನುತ್ತಾರೆ, ದಾರ ಹಿಡಿಯುವ ಮುನ್ನ ಬಟ್ಟೆಯ ಅಂಚು ಸರಿಪಡಿಸುತ್ತ. "ಇಲ್ಲ, ಉಸ್ತಾದ್ರೂ ಬೀಳ್ತಾರ," ಎಂದು, ತಮ್ಮನ್ನು ಎದೆಗೆ ಬಿಗಿದುಕೊಂಡು ಜಿಗಿಯಲಿರುವ ತರಬೇತುದಾರರನ್ನು ನೆನೆದು ತಿದ್ದಿಕೊಂಡು, ಮೊದಲ ದಾರಕ್ಕೆ ಕೈ ಹಾಕುತ್ತಾರೆ.

ಮೋನಮ್ಮ ಹುಟ್ಟಿದ್ದು ತಿಂಥಣಿಯ ಹತ್ತಿರದ ಹಳ್ಳಿಯಲ್ಲಿ, ಹೆಸರು ಅಲ್ಲಿನ ದೇವರು ಮೌನೇಶ್ವರನದು. ಏಳನೇ ಇಯತ್ತೆ ಮುಗಿಸುವಷ್ಟರಲ್ಲಿ ಶಾಲೆ ಸಾಕೆಂದಾಯಿತು. ಹದಿನೆಂಟು ತುಂಬಿದ ವರ್ಷ ಶಹಾಪುರದ ಕಡೆಯ ದುರಗಪ್ಪನಿಗೆ ಕೊಟ್ಟರು. ದುರಗಪ್ಪ ಟ್ರ್ಯಾಕ್ಟರ್ ಚಾಲಕ, ಮಾತು ಕಡಿಮೆ. ಮನೆಯಲ್ಲಿ ಮಾತಿಗೆ ಕೊರತೆಯಾಗದಂತೆ ನೋಡಿಕೊಂಡವರು ಅತ್ತೆ ಮಲ್ಲಾಬಾಯಿ. ಕಾಲುವೆ ತೋಡುವ ಕಾಲದಲ್ಲಿ ಮೂರು ವರ್ಷ ಬುಟ್ಟಿಯಲ್ಲಿ ಮಣ್ಣು ಹೊತ್ತ ಹೆಂಗಸು ಅವರು. ಬಂಡೆಗೆ ಮದ್ದಿಟ್ಟು ಸಿಡಿಸುವಾಗ ಎಷ್ಟು ದೂರ ಓಡಬೇಕು ಎಂಬುದನ್ನು ಇವತ್ತಿಗೂ ಹೆಜ್ಜೆಯ ಲೆಕ್ಕದಲ್ಲಿ ಹೇಳುತ್ತಾರೆ. ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಶಹಾಪುರದಲ್ಲಿ ಅಕ್ಕಿ ಗಿರಣಿಗಳು ಎದ್ದವು. ಅಂಥದೊಂದು ಗಿರಣಿಯಲ್ಲಿ ಮೋನಮ್ಮ ಒಂಬತ್ತು ವರ್ಷ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿದರು. ದಿನಕ್ಕೆ ಇನ್ನೂರೈವತ್ತು ಚೀಲ. ಬಲಗೈ ತೋರುಬೆರಳ ಮೇಲೆ ಆಗಿನ ಗಂಟು ಈಗಲೂ ಇದೆ.

ಚೀಲ ಹೊಲಿಯುವ ಯಂತ್ರ ಬಂದ ವರ್ಷ ಗಿರಣಿಯ ಕೆಲಸ ಹೋಯಿತು. ಆಗಲೇ ಈ ಬಯಲಿಗೆ ಮೈನುದ್ದೀನ ಬಂದರು. ಸುರಪುರದಲ್ಲಿ ಹುಟ್ಟಿ, ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಅದರಲ್ಲಿ ಬಹುಪಾಲು ಹುಡುಗರಿಗೆ ಪ್ಯಾರಾಚೂಟಿನಲ್ಲಿ ಜಿಗಿಯುವುದನ್ನು ಕಲಿಸಿದವರು. ನಿವೃತ್ತರಾದ ಮೇಲೆ ಇಬ್ಬರು ಗೆಳೆಯರೊಂದಿಗೆ, ಯಾವುದೋ ಕಂಪನಿ ಹಾಕಿಸಿ ಬಿಟ್ಟುಹೋಗಿದ್ದ ವಿಮಾನ ಇಳಿಯುವ ಹಳೆಯ ಓಡುದಾರಿಯನ್ನು ಗುತ್ತಿಗೆ ಹಿಡಿದು ಶಿಬಿರ ಶುರು ಮಾಡಿದರು. ಅಲ್ಲಿ ಎಲ್ಲರಿಗೂ ಅವರು ಉಸ್ತಾದ. ಮೋನಮ್ಮ ಹೋದದ್ದು ಹನ್ನೆರಡು ಜನರಿಗೆ ರೊಟ್ಟಿ ಬಡಿಯಲು.

ಮರುವರ್ಷ ಹಂಗಾಮಿನ ನಡುವೆ ಛತ್ರಿ ಕಟ್ಟುವ ಹುಡುಗ ಜ್ವರ ಹಿಡಿದು ಊರಿಗೆ ಹೋದ. ಒಂದು ಸಂಜೆ ಅಕಾಲದ ಮಳೆಗೆ ತೊಯ್ದ ತಾಡಪತ್ರಿಯನ್ನು ಮೋನಮ್ಮ ಒಬ್ಬರೇ ಮಡಚುತ್ತಿದ್ದುದನ್ನು ಮೈನುದ್ದೀನ ನೋಡಿದರು. ಅಂಚಿಗೆ ಅಂಚು ಕೂಡಿಸಿ, ಒಳಗಿನ ಗಾಳಿ ಹೊರಗೆ ತಳ್ಳಿ, ಒಂದು ಸುಕ್ಕೂ ಇಲ್ಲದಂತೆ. ಮರುದಿನ ಅವರನ್ನು ಶೆಡ್ಡಿಗೆ ಕರೆದು ಕಾರ್ಪೆಟ್ಟಿನ ಪಕ್ಕ ಕೂರಿಸಿದರು. ಒಂದು ತಿಂಗಳು ಬರೀ ನೋಡುವುದು. ಆಮೇಲೆ ಉಸ್ತಾದರ ಕಣ್ಣೆದುರು ಐವತ್ತು ಕಟ್ಟುವುದು. ಕಟ್ಟಿದ್ದನ್ನೆಲ್ಲ ಅವರು ಬಿಚ್ಚಿ ನೋಡುತ್ತಿದ್ದರು, ಒಂದು ದಾರ ಅಡ್ಡ ಬಂದಿದ್ದರೂ ಮತ್ತೆ ಮೊದಲಿನಿಂದ. ಮೊದಲ ಛತ್ರಿಗೆ ಮೋನಮ್ಮ ಒಂದು ಗಂಟೆ ತೆಗೆದುಕೊಂಡಿದ್ದರು. ಈಗ ಹದಿನೆಂಟು ನಿಮಿಷ ಸಾಕು. ಶನಿವಾರ, ಭಾನುವಾರಗಳಂದು ದಿನಕ್ಕೆ ಹದಿನಾಲ್ಕು ಹದಿನೈದು ಛತ್ರಿ ಕಟ್ಟುತ್ತಾರೆ. ಕಟ್ಟಿದ ಒಂದೊಂದರ ತೂಕ ಇಪ್ಪತ್ತೆರಡು ಕಿಲೊ.

ಕೆಲಸ ನೋಡುವವರಿಗೆ ಬಟ್ಟೆ ಮಡಚುವಂತೆಯೇ ಕಾಣುತ್ತದೆ. ಮೊದಲು ಬೆನ್ನಿಗೆ ಹಾಕುವ ಚೀಲದಿಂದ ಬಟ್ಟೆಯವರೆಗೆ ಒಂದೊಂದು ದಾರವನ್ನೂ ಹಿಡಿದು ನಡೆದು, ಯಾವುದೂ ಇನ್ನೊಂದಕ್ಕೆ ಸುತ್ತಿಲ್ಲ ಎಂದು ನೋಡಬೇಕು. ಗಾಳಿ ತುಂಬಿಕೊಳ್ಳುವ ಒಂಬತ್ತು ಖಾನೆಗಳ ಬಾಯಿ ಬಿಡಿಸಿ ಒಂದರ ಮೇಲೊಂದು ಕೂಡಿಸಬೇಕು. ಆಮೇಲೆ ಮೋನಮ್ಮ ಅದರ ಮೇಲೆ ಮೈಚಾಚಿ ಬೋರಲು ಮಲಗುತ್ತಾರೆ. ಒಳಗಿದ್ದ ಗಾಳಿ ಉಸ್ಸೆಂದು ಹೊರಬೀಳುತ್ತದೆ. ಅದು ಪೂರ್ತಿ ಬಿಟ್ಟಿತೆಂದು ಹೊಟ್ಟೆಗೆ ಗೊತ್ತಾಗುವವರೆಗೂ ಏಳುವುದಿಲ್ಲ. ಕೊನೆಗೆ ದಾರಗಳನ್ನು ಗೇಣು ಗೇಣಾಗಿ ಮಡಚಿ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿ, ಪಿನ್ನು ಹಾಕಿ, ಪುಸ್ತಕದಲ್ಲಿ ಸಹಿ. ಈ ನಡುವೆ ಯಾರಾದರೂ ಮಾತಾಡಿಸಿದರೆ ಅವರು ಉತ್ತರ ಕೊಡುವುದಿಲ್ಲ. ಮಾತು ಅಗತ್ಯವಾದರೆ ಕಟ್ಟುವುದನ್ನು ಬಿಟ್ಟು, ಮಾತು ಮುಗಿಸಿ, ಮತ್ತೆ ಮೊದಲ ದಾರದಿಂದ ಹಿಡಿಯುತ್ತಾರೆ.

ಹೀಗೆ ಐದು ಹಂಗಾಮು ಕಳೆದವು. ಕಳೆದ ಫೆಬ್ರುವರಿಯ ಎರಡನೇ ಭಾನುವಾರ ಬಂತು.

ಯಾದಗಿರಿಯಿಂದ ಸುಂದ್ರಮ್ಮ ಎಂಬ ಶಾಲಾ ಶಿಕ್ಷಕಿ ಬಂದಿದ್ದರು. ಮೂವತ್ತೆರಡು ವರ್ಷ ಕಲಿಸಿ ಆ ವರ್ಷ ನಿವೃತ್ತರಾಗುತ್ತಿದ್ದ ಅವರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಜಿಗಿತದ ಉಡುಗೊರೆ ಕೊಟ್ಟಿದ್ದರು. ಮೈನುದ್ದೀನರೇ ಅವರನ್ನು ಕರೆದುಕೊಂಡು ಮೇಲೆ ಹೋದರು. ಬೆನ್ನಿಗಿದ್ದದ್ದು ಮೋನಮ್ಮ ಕಟ್ಟಿದ ಛತ್ರಿ. ಮೋನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಮೇಲೆ ಕೆಂಪು ಚುಕ್ಕೆ ಮೂಡಿತು. ಮೂಡಿದ್ದು ನಿಲ್ಲಲಿಲ್ಲ, ಗಿರಗಿರ ತಿರುಗತೊಡಗಿತು. ಆಮೇಲೆ ನೋಡುತ್ತಿದ್ದಂತೆ ಕೆಂಪು ಬಟ್ಟೆ ಮನುಷ್ಯರನ್ನು ಬಿಟ್ಟು ತನ್ನಷ್ಟಕ್ಕೆ ತಾನೇ ಒಂದು ಕಡೆ ತೇಲಿಹೋಯಿತು.

"ಅವ್ರಿಬ್ಬರೂ ಹೋದ್ರು ಅಂತ ತಿಳದೆ. ಎಷ್ಟೊತ್ತು ಅಂತೀರಿ, ಮೂರು ಉಸಿರು ಇರಬೇಕು. ಆಮ್ಯಾಲ ಬಿಳೇದು ತೆರೀತು."

ಪ್ರತಿಯೊಂದು ಚೀಲದಲ್ಲೂ ಎರಡನೆಯ ಛತ್ರಿ ಇರುತ್ತದೆ, ಬಿಳಿಯದು. ಅದನ್ನು ಕಟ್ಟುವುದು ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ಮಾತ್ರ. ದಾರಗಳು ತಿರುಚಿಕೊಂಡು ಮೊದಲನೆಯದು ಕೈಕೊಟ್ಟಾಗ ಮೈನುದ್ದೀನ ಅದನ್ನು ಕಳಚಿಬಿಟ್ಟು ಬಿಳಿಯದನ್ನು ಬಿಚ್ಚಿದ್ದರು. ಇಬ್ಬರೂ ನೆಟ್ಟಗೆ ಇಳಿದರು. ಸುಂದ್ರಮ್ಮ ಟೀಚರ್‌ಗೆ ಏನೂ ಗೊತ್ತಾಗಿರಲಿಲ್ಲ. ಎರಡು ಸಲ ತೆರೆಯುವುದೇ ಪದ್ಧತಿ ಎಂದುಕೊಂಡಿದ್ದ ಅವರು ಶೆಡ್ಡಿಗೆ ಬಂದು, ಕಟ್ಟಿದವರು ಇವರೇ ಎಂದು ಯಾರೋ ಹೇಳಿದ್ದಕ್ಕೆ ಮೋನಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಟೀಚರ್ ಹೋದ ಮೇಲೆ ಮೋನಮ್ಮ ತಾವು ಆ ದಿನ ಕಟ್ಟಿಟ್ಟಿದ್ದ ಇನ್ನೆರಡು ಛತ್ರಿಗಳನ್ನು ಮೂಲೆಗೆ ತೆಗೆದಿಟ್ಟು, ಯಾರಿಗೂ ಕೊಡಬೇಡಿ ಎಂದರು.

ತೇಲಿಹೋದ ಛತ್ರಿ ಕಾಲುವೆಗೆ ಬಿದ್ದಿತ್ತು. ಕೆಳಗಿನ ತೂಬಿನ ಹತ್ತಿರ ರೈತರು ಬಡಿಗೆ ಹಾಕಿ ಎಳೆದು ದಡಕ್ಕೆ ತಂದರು. ಮೈನುದ್ದೀನ ಮತ್ತು ಮೈಸೂರಿನಿಂದ ಬಂದ ತಜ್ಞರೊಬ್ಬರು ಎರಡು ದಿನ ಆ ತೊಯ್ದ ಬಟ್ಟೆ, ದಾರಗಳ ಮುಂದೆ ಕುಳಿತರು. ಆ ದಿನ ಮೋನಮ್ಮ ಕಟ್ಟಿಟ್ಟಿದ್ದ ಇನ್ನೆರಡನ್ನೂ ಬಿಚ್ಚಿ ನೋಡಿದರು, ಎರಡೂ ಸರಿಯಿದ್ದವು. ಕಾರಣ ಗಾಳಿಯಿರಬಹುದು, ತೆರೆಯುವಾಗ ಮೈ ವಾಲಿದ್ದಿರಬಹುದು, ಕಟ್ಟಿದ್ದರಲ್ಲಿ ಲೋಪವಿರಬಹುದು. ನೀರಿಗೆ ಬಿದ್ದು ಬಂದ ಬಟ್ಟೆ ಏನನ್ನೂ ಹೇಳಲಿಲ್ಲ. ಕಾರಣ ಖಚಿತವಿಲ್ಲ ಎಂದು ಪುಸ್ತಕದಲ್ಲಿ ಬರೆದರು. ಯಾರೂ ಮೋನಮ್ಮನನ್ನು ಬೈಯಲಿಲ್ಲ. ಸಾವಿರಕ್ಕೊಂದು ಹೀಗಾಗುವುದು ಇದ್ದದ್ದೇ, ಅದಕ್ಕೇ ಎರಡನೆಯದು ಇರುವುದು ಎಂದು ಉಸ್ತಾದರು ಹೇಳಿದರು. ಮೋನಮ್ಮ ಬಳೆ ಹಾಕಿಕೊಂಡು ಮನೆಗೆ ಹೋದರು. ಮರುದಿನ ಬರಲಿಲ್ಲ.

ಆ ಬೇಸಿಗೆ ಅವರು ಭತ್ತದ ಗದ್ದೆಯಲ್ಲಿ ಕಳೆ ಕಿತ್ತರು. ಮಳೆಗಾಲಕ್ಕೆ ಕಾಲುವೆಗೆ ನೀರು ಬಿಟ್ಟ ಮೇಲೆ ಸಸಿ ಹಚ್ಚುವ ಹೆಂಗಸರ ಜೊತೆ ಹೋದರು. ಬಾಗಿದ ಸೊಂಟ ಎತ್ತಿ ಒಮ್ಮೆಯೂ ಮುಗಿಲ ಕಡೆ ನೋಡಿದವರಲ್ಲ. ಮನೆಯಲ್ಲಿ ಹಾಸಿಗೆ ಮಡಚಿದರೂ ಬಿಚ್ಚಿ ಇನ್ನೊಮ್ಮೆ ಮಡಚುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆಯ ಸೀರೆಯನ್ನು ನಾಲ್ಕು ಸಲ ಮಡಚಿ ಬಿಚ್ಚಿದಾಗ ಮಲ್ಲಾಬಾಯಿ ಅದನ್ನು ಕೈಯಿಂದ ತೆಗೆದುಕೊಂಡು, ಮುದ್ದೆ ಮಾಡಿ ಗೂಟಕ್ಕೆ ಹಾಕಿದರು. ಆಮೇಲೆ ಸೊಸೆಯ ಪಕ್ಕ ಕುಳಿತು ತಲೆಗೆ ಎಣ್ಣೆ ಹಚ್ಚಿದರು.

ನವೆಂಬರಿನಲ್ಲಿ ಶಿಬಿರ ತೆರೆಯುವ ಹೊತ್ತಿಗೆ ಮೈನುದ್ದೀನ ಮನೆಗೆ ಬಂದರು. ಕೈ ನಡುಗುತ್ತದೆ, ಇನ್ನು ಆಗುವುದಿಲ್ಲ ಎಂದರು ಮೋನಮ್ಮ. ಉಸ್ತಾದರು ಒತ್ತಾಯ ಮಾಡಲಿಲ್ಲ. ತಾವು ಸೈನ್ಯದಲ್ಲಿದ್ದಾಗ ಛತ್ರಿ ಕಟ್ಟುವವರು ಆಗಾಗ ತಾವು ಕಟ್ಟಿದ್ದರಲ್ಲೇ ಜಿಗಿಯುತ್ತಿದ್ದರೆಂದು ಹೇಳಿದರು. ಅದು ಶಿಕ್ಷೆಯಲ್ಲ, ತನ್ನ ಕೈಯ ಪರಿಚಯ ತನಗಾಗಲೆಂದು ಮಾಡುವುದು. ಆಮೇಲೆ ಎದ್ದು ಹೋಗುವ ಮುನ್ನ ಒಂದು ಮಾತು ಹೇಳಿದರು.

"ನೀ ಕಟ್ಟವ್ವಾ. ಅದರಾಗ ನಿನ್ನ ಕರ್ಕೊಂಡು ನಾ ಜಿಗೀತೀನಿ. ಆ ದಿನ ಬಿದ್ದಾಂವ ನಾ ಇದ್ದೆ. ನನಗ ಭರೋಸಾ ಅದ. ನಿನಗ ಅದ ಇಲ್ಲ ನೋಡ್ಕೋ."

ಮೋನಮ್ಮ ಮೂರು ದಿನ ಯೋಚಿಸಿದರು. ನಾಲ್ಕನೆಯ ದಿನ ಶೆಡ್ಡಿಗೆ ಹೋಗಿ ತಮ್ಮ ಷರತ್ತು ಹೇಳಿದರು. ತಾವು ಕಟ್ಟಿದ್ದರಲ್ಲಿ ತಾವು ಇಳಿದು ಬರುವವರೆಗೆ ಇನ್ನೊಬ್ಬರಿಗೆ ಒಂದೂ ಕಟ್ಟುವುದಿಲ್ಲ. ಮತ್ತೆ ಹೊಸಬರಂತೆ ಉಸ್ತಾದರ ಕಣ್ಣೆದುರು ಐವತ್ತು ಕಟ್ಟಬೇಕು, ಅವರು ಐವತ್ತನ್ನೂ ಬಿಚ್ಚಿ ನೋಡಬೇಕು. ಡಿಸೆಂಬರ್ ಪೂರ್ತಿ ಅದೇ ನಡೆಯಿತು.

ಜಿಗಿತದ ತಯಾರಿಯೂ ಅದರ ಜೊತೆಗೇ ಶುರುವಾಯಿತು. ಶಹಾಪುರದ ವೈದ್ಯರೊಬ್ಬರ ಹತ್ತಿರ ರಕ್ತದೊತ್ತಡ, ಎದೆಬಡಿತ ತೋರಿಸಲು ಹೋದರೆ, ವಿಮಾನದಿಂದ ಜಿಗಿಯುವವರನ್ನು ಕರೆದುಕೊಂಡು ಬನ್ನಿ ಎಂದರಂತೆ. ತಾವೇ ಎಂದ ಮೇಲೆ ಒತ್ತಡ ಇನ್ನೊಮ್ಮೆ ಅಳೆದರು. ತೂಕ ಐವತ್ತೆಂಟು ಕಿಲೊ, ಚೀಟಿ ಸಿಕ್ಕಿತು. ಸೀರೆಯಲ್ಲಿ ಜಿಗಿಯುವಂತಿಲ್ಲ. ಹುಟ್ಟಿದಾಗಿನಿಂದ ಪ್ಯಾಂಟು ಹಾಕದವರು ಉಸ್ತಾದರ ಹೆಂಡತಿ ಗೌಹರಬೇಗಂ ಕೊಟ್ಟ ಚೂಡಿದಾರ ತೊಟ್ಟು, ಮೂರು ದಿನ ಮನೆಯೊಳಗೇ ಓಡಾಡಿ ರೂಢಿ ಮಾಡಿಕೊಂಡರು.

ವಿಮಾನದ ಬಾಗಿಲಲ್ಲಿ ಹೇಗೆ ಕೂರಬೇಕು ಎಂಬುದನ್ನು ಶೆಡ್ಡಿನ ಬೆಂಚಿನ ಮೇಲೆ ಕಲಿಸಿದರು. ಕಾಲು ಹೊರಗೆ, ತಲೆ ಹಿಂದಕ್ಕೆ, ಕೈ ಎದೆಯ ಪಟ್ಟಿಗೆ. ಬಿದ್ದ ಕೂಡಲೇ ಹೊಟ್ಟೆ ಮುಂದೆ ಮಾಡಿ ಬಿಲ್ಲಿನಂತೆ ಬಾಗಬೇಕು. ಇದನ್ನು ಮೋನಮ್ಮ ಮನೆಯಲ್ಲಿ ಜೋಳದ ಚೀಲದ ಮೇಲೆ ಬೋರಲು ಮಲಗಿ ಅಭ್ಯಾಸ ಮಾಡಿದರು. ಇಳಿಯುವಾಗ ಎರಡೂ ಕಾಲನ್ನು ನೆಟ್ಟಗೆ ಮುಂದೆ ಎತ್ತಿ ಹಿಡಿಯಬೇಕು. ಇಲ್ಲದಿದ್ದರೆ ಪಾದ ಮೊದಲು ನೆಲಕ್ಕೆ ಸಿಕ್ಕು ಮುರಿಯುತ್ತದೆ. ಸಸಿ ಹಚ್ಚಿ ಹಚ್ಚಿ ಹಿಡಿದುಕೊಂಡ ಸೊಂಟಕ್ಕೆ ಇದೇ ಕಷ್ಟದ್ದು. ದಿನಾ ಬೆಳಿಗ್ಗೆ ಮಂಚದ ಅಂಚಿಗೆ ಕುಳಿತು ಕಾಲೆತ್ತುತ್ತಿದ್ದರು. ಮೊದಲು ಹತ್ತು ಎಣಿಸುವಷ್ಟರಲ್ಲಿ ಬೀಳುತ್ತಿದ್ದವು. ಮಲ್ಲಾಬಾಯಿ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಹಿಮ್ಮಡಿಗಳ ಕೆಳಗೆ ಅಂಗೈ ಹಿಡಿದು, ತಾಗಿತು, ಮ್ಯಾಲ ಎತ್ತು ಎನ್ನುತ್ತಿದ್ದರು. ಸಂಕ್ರಮಣದ ಹೊತ್ತಿಗೆ ನಲವತ್ತರವರೆಗೆ ಬಂತು.

ಅಷ್ಟೆಲ್ಲ ಮಾಡಿದರೂ ಮಲ್ಲಾಬಾಯಿ ಒಪ್ಪಿಗೆ ಕೊಟ್ಟಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಬೇಕು. ದುರಗಪ್ಪ ಪೆನ್ನು ಹಿಡಿದು, ಇಟ್ಟು, ಅವ್ವ ಹೇಳಿದಂತೆ ಎಂದುಬಿಟ್ಟರು. ಓಣಿಯಲ್ಲಿ ಮಾತು ಬೇರೆ ಎದ್ದಿತ್ತು. ಗಂಡನುಳ್ಳ ಹೆಂಗಸು ಇನ್ನೊಬ್ಬನ ಎದೆಗೆ ಕಟ್ಟಿಕೊಂಡು ಮುಗಿಲಿಂದ ಜಿಗಿಯುವುದೆಂದರೇನು ಎಂದು ನೀರಿನ ನಲ್ಲಿಯ ಹತ್ತಿರ ಯಾರೋ ಅಂದರು. ಆ ಮಾತಿಗೆ ಮಲ್ಲಾಬಾಯಿ ಅಲ್ಲೇ ಉತ್ತರ ಕೊಟ್ಟು ಬಂದರು. ಹೆರಿಗೆಗೆ ದವಾಖಾನೆಗೆ ಹೋದಾಗ ಡಾಕ್ಟರು ಗಂಡಸೋ ಹೆಂಗಸೋ ಎಂದು ಕೇಳಿದ್ದಿರೇನು ಎಂದರಂತೆ. ಅವರ ಅಂಜಿಕೆ ಅದಲ್ಲ. ಕಾಲುವೆಯ ಕೆಲಸದಲ್ಲಿ ಮದ್ದು ಸಿಡಿದ ದಿನ ಬುಟ್ಟಿ ಹಿಡಿದಂತೆಯೇ ಸತ್ತುಬಿದ್ದ ಗೆಳತಿಯೊಬ್ಬಳನ್ನು ಕಂಡವರು ಅವರು.

ಕೊನೆಗೆ ಮಲ್ಲಾಬಾಯಿ ಒಂದು ಮಧ್ಯಾಹ್ನ ತಾವೇ ಶಿಬಿರಕ್ಕೆ ನಡೆದು ಬಂದರು. ಮೈನುದ್ದೀನರು ಕುರ್ಚಿ ಹಾಕಿಸಿದರು. ಅವರು ಕೂರಲಿಲ್ಲ.

"ಇಕಿನ್ನ ಎದಿಗೆ ಕಟ್ಕೊಂಡು ಜಿಗಿಯಾಂವ ನೀನೇನಪ?"

"ಹೌದವ್ವ."

"ಮಕ್ಕಳೆಷ್ಟು?"

"ಇಬ್ರು. ಸಣ್ಣಾಕಿ ಇನ್ನಾ ಸಾಲಿಗಿ ಹೋಗ್ತಾಳ."

"ಹಂಗಾದ್ರ ನೀನೂ ನೆಲಕ್ಕ ಇಳೀಬೇಕು," ಎಂದು ಮಲ್ಲಾಬಾಯಿ ಕಾಗದ ಕೇಳಿ ಹೆಬ್ಬೆಟ್ಟು ಒತ್ತಿದರು. ಆ ಸಂಜೆ ಅದರ ಕೆಳಗೆ ದುರಗಪ್ಪ ಸಹಿ ಮಾಡಿದರು.

ಈಗ ಶೆಡ್ಡಿನಲ್ಲಿ ಬೆಳಕು ತುಂಬಿದೆ. ಮೋನಮ್ಮ ಪಿನ್ನು ಹಾಕಿ, ಪುಸ್ತಕದಲ್ಲಿ ಎರಡು ಸಾವಿರದ ನೂರಾ ಹತ್ತೊಂಬತ್ತು ಎಂದು ಬರೆದು ಸಹಿ ಮಾಡುತ್ತಾರೆ. ಉಸ್ತಾದರು ಬಿಚ್ಚಿ ನೋಡಿದ ಐವತ್ತು ಆ ಲೆಕ್ಕಕ್ಕಿಲ್ಲ. ಇಂದು ಇಪ್ಪತ್ತಾರು ನಿಮಿಷ ಹಿಡಿದಿದೆ. ಏಳು ಗಂಟೆಗೆ ಜಿಗಿತ. ಆರೂ ಮುಕ್ಕಾಲಿಗೆ ಗಾಳಿ ಎದ್ದಿತು. ಬಯಲಿನ ಕಂಬಕ್ಕೆ ಕಟ್ಟಿದ ಗಾಳಿಚೀಲ ಉಬ್ಬಿ ನೆಟ್ಟಗೆ ನಿಂತಿತು. ಎಂಟಾಯಿತು, ಹತ್ತಾಯಿತು, ಇಳಿಯಲಿಲ್ಲ. ಆ ದಿನದ ಎಲ್ಲ ಜಿಗಿತಗಳನ್ನೂ ರದ್ದು ಮಾಡಿದರು.

ಎಲ್ಲಕ್ಕಿಂತ ಕಠಿಣವಾದದ್ದು ಆ ದಿನವೇ ಎನ್ನುತ್ತಾರೆ ಮೋನಮ್ಮ. ಕಟ್ಟಿದ ಛತ್ರಿ ಮಣೆಯ ಮೇಲೆ ಕುಳಿತಿದೆ. ಮೂರನೆಯ ಖಾನೆಯ ಬಾಯಿ ಸರಿಯಾಗಿ ಬಿಡಿಸಿದೆನೇ? ಎಡಗಡೆಯ ದಾರ ನೋಡಿದ್ದು ನೆನಪಿದೆಯೇ? ನೆನಪಿದೆ, ಆದರೆ ಅದು ಇವತ್ತಿನದೋ ಡಿಸೆಂಬರಿನದೋ? ಸಂಜೆ ನಾಲ್ಕಕ್ಕೆ ಉಸ್ತಾದರ ಹತ್ತಿರ ಹೋಗಿ, ಬಿಚ್ಚಿ ಇನ್ನೊಮ್ಮೆ ಕಟ್ಟಲೇ ಎಂದು ಕೇಳಿದರು. ಮೈನುದ್ದೀನ ಚಹಾ ಕುಡಿಯುತ್ತಿದ್ದರು. ಬೇರೆಯವರಿಗೆ ಕಟ್ಟಿದ್ದನ್ನು ಯಾವತ್ತಾದರೂ ಹೀಗೆ ಬಿಚ್ಚಿದ್ದೀಯಾ ಎಂದು ಕೇಳಿದರು. ಇಲ್ಲ ಎಂದರು ಮೋನಮ್ಮ. ಹಾಗಾದರೆ ಬೇಡ ಎಂದಷ್ಟೇ ಹೇಳಿ ಅವರು ಚಹಾದ ಬಟ್ಟಲು ಮುಂದಕ್ಕೆ ಸರಿಸಿದರು. ಮೋನಮ್ಮ ಅದನ್ನು ಕುಡಿದು, ಶೆಡ್ಡಿಗೆ ಬೀಗ ಹಾಕಿ, ಚಾವಿ ಉಸ್ತಾದರ ಕೈಗೆ ಕೊಟ್ಟು ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಗಾಳಿಚೀಲ ಜೋತುಬಿದ್ದಿತ್ತು. ಏಳೂಕಾಲಿಗೆ ವಿಮಾನ ಏರಿತು. ತಾಳಿ ಸರವನ್ನು ಗೌಹರಬೇಗಂ ಪಟ್ಟಿ ಅಂಟಿಸಿ ಅಂಗಿಯೊಳಗೆ ಭದ್ರ ಮಾಡಿದ್ದರು. ದುರಗಪ್ಪ ಟ್ರ್ಯಾಕ್ಟರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಬಂದು ಹೊಲದ ಬದುವಿನ ಮೇಲೆ ಇಳಿಸಿದ್ದರು. ಮಲ್ಲಾಬಾಯಿ ವಿಮಾನಕ್ಕೆ ಬೆನ್ನು ಮಾಡಿ, ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತರು.

ಮೇಲೆ ಇಪ್ಪತ್ತು ನಿಮಿಷದ ಹಾದಿ. ಮೈನುದ್ದೀನ ಹಿಂದಿನಿಂದ ಒಂದೊಂದೇ ಪಟ್ಟಿ ಬಿಗಿಯುತ್ತ, ಬಿಗಿದದ್ದನ್ನು ಅವರ ಕೈಗೆ ಮುಟ್ಟಿಸುತ್ತ ಹೋದರು. ಬಾಗಿಲು ತೆರೆದಾಗ ಒಳಬಂದ ಚಳಿಗೆ ಮೋನಮ್ಮನ ಹಲ್ಲು ಕಟಕಟ ಎಂದವು. ಕಾಲು ಹೊರಗೆ ಚಾಚಿದರು. ಕೆಳಗೆ ಏನಿತ್ತು ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ, ಕಣ್ಣು ಮುಚ್ಚಿದ್ದರು. ಮೌನೇಶ್ವರನ ಹೆಸರು ಹೇಳಿದ್ದು ಮಾತ್ರ ನೆನಪಿದೆ. ಆಮೇಲೆ ಗಾಳಿ ಎರಡೂ ಕಪಾಳಕ್ಕೆ ಹೊಡೆಯತೊಡಗಿತು. ಬಿಲ್ಲಿನಂತೆ ಬಾಗಲು ಮರೆಯಲಿಲ್ಲ. ಮೂವತ್ತು ಸೆಕೆಂಡು.

ಬದುವಿನ ಮೇಲೆ ದುರಗಪ್ಪ ಕತ್ತೆತ್ತಿ ನಿಂತಿದ್ದರು. ಮಲ್ಲಾಬಾಯಿ ಸೆರಗಿನೊಳಗಿಂದಲೇ, ಬಂದಳೇ ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎನ್ನುತ್ತಿದ್ದರು ಮಗ. ಆಮೇಲೆ ತೆರೆಯಿತು ಎಂದರು.

"ಕೆಂಪ, ಬಿಳೇದ?" ಕೇಳಿದರು ಮಲ್ಲಾಬಾಯಿ.

"ಕೆಂಪವ್ವ," ಎಂದರು ದುರಗಪ್ಪ. ಮಲ್ಲಾಬಾಯಿ ಸೆರಗು ತೆಗೆದು ತಿರುಗಿ ಕುಳಿತರು.

ಮೇಲೆ ಎಲ್ಲ ಸದ್ದೂ ಒಮ್ಮೆಲೇ ನಿಂತಿತ್ತು. ಕಣ್ಣು ಬಿಟ್ಟ ಮೋನಮ್ಮ ಕೆಳಗೆ ನೋಡಲಿಲ್ಲ. ಕಾಲುವೆ, ಊರು, ದೂರದಲ್ಲಿ ಹೊಳೆಯುವ ಕೃಷ್ಣೆ ಎಂದು ಮೈನುದ್ದೀನ ತೋರಿಸುತ್ತಿದ್ದರೆ, ಅವರು ಕತ್ತು ಹಿಂದಕ್ಕೆ ಚಾಚಿ ಛತ್ರಿಯ ಖಾನೆಗಳನ್ನು ಎಣಿಸುತ್ತಿದ್ದರು. ಒಂಬತ್ತೂ ತೆರೆದಿದ್ದವು. ಇನ್ನೊಮ್ಮೆ ಎಣಿಸಿದರು.

"ಮಲಗಿದ್ದು ನೋಡೀನಿ, ಮಡಚಿದ್ದು ನೋಡೀನಿ. ಕೆಳಗ ನಿಂತು ದೂರದಾಗ ಸಣ್ಣಗ ಬರೋದು ನೋಡೀನಿ. ಉಸಿರು ತುಂಬ್ಕೊಂಡು ಎದ್ದು ನಿಂತದ್ದು ಅವತ್ತೇ ನೋಡ್ದೆ. ನಾ ಮಡಚಿದ ಗೆರಿ ಬಟ್ಟಿ ಮ್ಯಾಲ ಹಂಗೇ ಇದ್ವುರಿ. ಸೂರ್ಯನ ಬೆಳಕು ಅದರಾಗಿಂದ ಬರ್ತಿತ್ತು. ಇದನ್ನ ನಾನಽ ಕಟ್ಟೀನಲ್ಲ ಅನ್ನಿಸ್ತು. ಅಳು ಬಂತು."

ಇಳಿಯುವಾಗ ಕಾಲು ಎತ್ತು ಎಂಬ ಕೂಗು ಬಂದಾಗ ಎರಡೂ ಕಾಲು ನೆಟ್ಟಗೆ ಎದ್ದವು. ಭತ್ತದ ಕೂಳೆಯ ಮೇಲೆ ಇಬ್ಬರೂ ಕುಳಿತಂತೆಯೇ ಜಾರಿ ನಿಂತರು. ಮಲ್ಲಾಬಾಯಿ ಓಡಲಾಗದೆ ಓಡಿ ಬಂದು ಮೊದಲು ಸೊಸೆಯ ಪಾದ ಹಿಡಿದು ನೋಡಿದರು, ಆಮೇಲೆ ಮೊಣಕಾಲು, ಆಮೇಲೆ ಮುಖ. ಪಟ್ಟಿ ಬಿಚ್ಚುತ್ತಿದ್ದ ಮೈನುದ್ದೀನರ ತಲೆಯ ಮೇಲೂ ಒಮ್ಮೆ ಕೈ ಆಡಿಸಿದರು.

ಅಂದು ಭಾನುವಾರ. ಒಂಬತ್ತಕ್ಕೆ ರಾಯಚೂರಿನ ಆರು ಜನರ ತಂಡ ಬರುವುದಿತ್ತು. ಮೋನಮ್ಮ ನೀರು ಕುಡಿದು, ಇಳಿದ ಛತ್ರಿಯನ್ನು ತಾವೇ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ತಂದರು. ಆ ದಿನ ಹನ್ನೊಂದು ಕಟ್ಟಿದರು. ಆಮೇಲಿನ ಭಾನುವಾರ ಹದಿನಾಲ್ಕು.

ಕಳೆದ ವರ್ಷದ ಆ ದಿನದ ಪ್ರಶ್ನೆ ತೀರಿತೇ ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. "ನಂದಽ ತಪ್ಪಿತ್ತೋ ಏನೋ, ಗೊತ್ತಿಲ್ರಿ. ಇನ್ನ ಗೊತ್ತಾಗಂಗೂ ಇಲ್ಲ. ಅದನ್ನ ಇಟ್ಕೊಂಡೇ ಕೆಲಸ ಮಾಡಬೇಕು. ಆದ್ರ ಈಗ ಕೈ ನಡಗಂಗಿಲ್ಲ." ಒಂದೇ ಬದಲಾವಣೆ ಎಂದರೆ, ಜಿಗಿಯುವವರು ವಿಮಾನದ ಕಡೆ ನಡೆಯುವಾಗ ಅವರು ಈಗ ಶೆಡ್ಡಿನ ಹೊರಗೆ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರ ಮುಖ ನೋಡಿ ಒಳಗೆ ಹೋಗುತ್ತಾರೆ.

ಆ ಭಾನುವಾರ ರಾಯಚೂರಿನವರು ಇಳಿದ ಮೇಲೆ ವಿಮಾನದ ಜೊತೆ, ಉಸ್ತಾದರ ಜೊತೆ, ಹೆಬ್ಬೆರಳೆತ್ತಿ ಬಹಳ ಹೊತ್ತು ಫೋಟೊ ತೆಗೆಸಿಕೊಂಡರು. ಶೆಡ್ಡಿನ ಕಡೆ ಯಾರೂ ಬರಲಿಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಮೋನಮ್ಮ ದಾರ ಬಿಡಿಸುವುದನ್ನು ನಿಲ್ಲಿಸಿ, ಬಾಗಿಲಾಚೆ ನಗುತ್ತ ಹೋಗುತ್ತಿದ್ದವರನ್ನು ನೋಡಿದರು.

"ಕಟ್ಟಿದಾಕಿ ಯಾರು ಅಂತ ಯಾರೂ ಕೇಳಂಗಿಲ್ರಿ. ಕೇಳ್ಲೇಬಾರದು. ಕೇಳಿದ್ರಂದ್ರ ಏನೋ ಹೆಚ್ಚುಕಮ್ಮಿ ಆಗ್ಯಾದ ಅಂತ ಅರ್ಥ."

ಅಷ್ಟು ಹೇಳಿ ಅವರು ಮತ್ತೆ ಮೊದಲ ದಾರದಿಂದ ಹಿಡಿದರು.